ವಾದ್ಯದ ಮರವನ್ನು ಕೊಯ್ದು ಒಣಗಿಸುವ ವಿದ್ಯೆ

ನಮ್ಮ ಬೆಳಗಾವಿ ಸೀಮೆಯ ಸಂಗೀತದ ಚರಿತ್ರೆಯನ್ನು ಬರೆದವರು ಗಾಯಕರನ್ನೂ ನಟರನ್ನೂ ಆದರದಿಂದ ನೆನೆದಿರುವರು. ಸುಳೇಭಾವಿಯಲ್ಲಿ ೧೯೨೪ರಲ್ಲಿ ಜನಿಸಿದ ಕುಮಾರ ಗಂಧರ್ವರ ಹೆಸರನ್ನು ಅರಿಯದವರಿಲ್ಲ. ಶ್ರೀಕೃಷ್ಣ ಪಾರಿಜಾತದ ಆಟದೊಡನೆ ಹೆಸರು ಬೆಸೆದುಕೊಂಡ ಕುಲಗೋಡ ತಮ್ಮಣ್ಣನೂ ಕೌಜಲಗಿ ನಿಂಗಮ್ಮನೂ ಹಳೆಯ ಗೋಕಾಕ ತಾಲೂಕಿನವರೇ ಎಂದು ನಾವು ಅಭಿಮಾನಪಡುವೆವು. ಆದರೆ ಗಾಯಕನ ಬೆನ್ನ ಹಿಂದೆ ನಿಂತು ಶ್ರುತಿಯನ್ನು ಕೊಡುವ ತಂಬೂರಿಯು ಯಾವ ಮರದ್ದು, ಆ ಮರವನ್ನು ಹೇಗೆ ಕೊಯ್ದರು, ಎಷ್ಟು ವರ್ಷ ಅದು ನೆರಳಿನಲ್ಲಿ ಒಣಗಿತು ಎಂದು ಕೇಳಿದವರು ವಿರಳ. ಈ ವಿಷಯವನ್ನು ಶಾಸ್ತ್ರಕಾರರು ಅರ್ಧ ಹೇಳಿರುವರು. ಉಳಿದರ್ಧವು ಬಡಿಗರ ಕೈಯಲ್ಲಿ ಉಳಿದಿರುವದು. ಆ ಎರಡು ಅರ್ಧಗಳನ್ನು ಕೂಡಿಸಿ ನೋಡುವದೇ ಈ ಲೇಖನದ ಉದ್ದೇಶ.

ಮೊದಲು ಶಾಸ್ತ್ರವನ್ನು ನೋಡುವಾ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮರದ ವಿಷಯವು ಎರಡು ಕಡೆಗೆ ವಿಸ್ತಾರವಾಗಿ ಬಂದಿರುವದು. ಪ್ರತಿಮೆಗೆ ತಕ್ಕ ಮರವನ್ನು ತರಲು ವನವನ್ನು ಪ್ರವೇಶಿಸುವ ವಿಧಿ ಒಂದು. ಮಂಚ ಪೀಠಗಳ ಲಕ್ಷಣವನ್ನು ಹೇಳುವ ಅಧ್ಯಾಯವು ಇನ್ನೊಂದು. ಸಿಡಿಲು ಹೊಡೆದ ಮರ, ಗಾಳಿಗೆ ಉರುಳಿದ ಮರ, ಆನೆ ಕೆಡವಿದ ಮರ, ಜೇನುಗೂಡು ಹಕ್ಕಿಗೂಡುಗಳಿದ್ದ ಮರ, ತುದಿಯೊಣಗಿದ ಮರ, ಬಳ್ಳಿ ಸುತ್ತಿಕೊಂಡ ಮರ, ಸ್ಮಶಾನದಲ್ಲಿ ಬೆಳೆದ ಮರ ಇವೆಲ್ಲ ವರ್ಜ್ಯಗಳು. ಮರದ ಹುಳುಕುಗಳನ್ನು ಅವನು ನಿಷ್ಕುಟ, ಕೋಲಾಕ್ಷ, ಸೂಕರನಯನ, ವತ್ಸನಾಭ, ಕಾಲಕ, ಧುಂಧುಕ ಎಂದು ಆರು ಬಗೆಯಾಗಿ ವಿಂಗಡಿಸಿರುವನು. ಹಂದಿಯ ಕಣ್ಣು, ಕರುವಿನ ಹೊಕ್ಕುಳು ಎಂಬರ್ಥದ ಈ ಹೆಸರುಗಳನ್ನು ನೋಡಿದರೆ ಇವು ಗ್ರಂಥಾಲಯದಲ್ಲಿ ಹುಟ್ಟಿದವುಗಳಲ್ಲ, ಉಳಿ ಹಿಡಿದವರ ಬಾಯಿಯಿಂದ ಬಂದವು ಎಂದು ತೋರುವದು.

ಈ ನಿಷೇಧಗಳನ್ನು ಕೇವಲ ಶಕುನವೆಂದು ತಳ್ಳಿಹಾಕುವವರುಂಟು. ಸ್ಮಶಾನದ ಮರದ ಮಾತು ಶ್ರದ್ಧೆಗೆ ಸಂಬಂಧಿಸಿದ್ದೆಂಬುದು ನಿಜವೇ. ಆದರೆ ಸಿಡಿಲು ಹೊಡೆದ ಮರದ ಒಡಲಲ್ಲಿ ಹೊರಗೆ ಕಾಣದ ಸೀಳುಗಳಿರುವವು. ಬಿರುಗಾಳಿಗೆ ಬಾಗಿ ಉರುಳಿದ ಮರದ ಎಳೆಗಳು ಒಳಗೇ ನಲುಗಿ ಮುರಿದಿರುವವು. ತುದಿಯೊಣಗಿದ್ದಕ್ಕೆ ಬೇರಿನ ಅಥವಾ ತಿರುಳಿನ ಕೊಳೆತವು ಕಾರಣವಾಗಿರಬಹುದು. ಜೇನಿದ್ದಲ್ಲಿ ಪೊಟರೆಯಿರುವ ಸಂಭವವು ಹೆಚ್ಚು. ಮಂಚಕ್ಕೇ ಒಲ್ಲದ ಇಂಥ ಮರವು ತಂತಿಯ ಬಿಗುವನ್ನು ಹಗಲಿರುಳೂ ಹೊರಬೇಕಾದ ವಾದ್ಯಕ್ಕೆ ಒದಗೀತೇ?

ವಾದ್ಯದ ಮರವನ್ನೇ ನೇರವಾಗಿ ಹೇಳಿದವನು ಶಾರ್ಙ್ಗದೇವನು. ಇವನ ಅಜ್ಜನು ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು; ಇವನು ದೇವಗಿರಿಯ ಸೇವುಣ ಅರಸನಾದ ಎರಡನೆಯ ಸಿಂಘಣನ ಆಸ್ಥಾನದಲ್ಲಿದ್ದು ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಗೀತರತ್ನಾಕರವನ್ನು ರಚಿಸಿದನು. ಸವದತ್ತಿಯ ರಟ್ಟರನ್ನು ಅಡಗಿಸಿ ಕೂಂಡಿ ಮೂರು ಸಾವಿರದ ನಾಡನ್ನು ಸೇವುಣ ರಾಜ್ಯಕ್ಕೆ ಸೇರಿಸಿದವನು ಇದೇ ಸಿಂಘಣನ ದಂಡನಾಯಕ ಬೀಚಣನು. ಆದ್ದರಿಂದ ಆ ಗ್ರಂಥವು ಬರೆಯಲ್ಪಟ್ಟ ರಾಜ್ಯಕ್ಕೆ ನಮ್ಮ ಈ ನಾಡೂ ಸೇರಿತ್ತೆಂಬುದನ್ನು ವಾಚಕರು ನೆನಪಿಡಬೇಕು. ಏಕತಂತ್ರೀ ವೀಣೆಯ ದಂಡವು ಖದಿರದ್ದಾಗಿರಬೇಕು, ಮೂರು ಹಸ್ತ ಉದ್ದವಿರಬೇಕು, ಗಂಟು ಗಾಯ ಸೀಳುಗಳಿಲ್ಲದೆ ನೆಟ್ಟಗೆ ನುಣುಪಾಗಿ ಇರಬೇಕು ಎಂಬುದು ಅವನ ವಿಧಿ. ಮದ್ದಳೆಗೆ ಬೀಜಕವೃಕ್ಷವನ್ನು ಹೇಳಿರುವನು. ಖದಿರವೆಂದರೆ ನಮ್ಮ ಕಗ್ಗಲಿ, ಕಾಚನ್ನು ಕೊಡುವ ಮರ, ಬೀಜಕವೆಂದರೆ ಹೊನ್ನೆ. ಎರಡೂ ಚೇಗು ಗಟ್ಟಿಯಾದ ಮರಗಳೇ.

ಇಲ್ಲಿಗೆ ಶಾಸ್ತ್ರದ ಅರ್ಧವು ಮುಗಿಯುವದು. ಯಾವ ಮರ ಬೇಕು, ಯಾವ ದೋಷಗಳಿರಕೂಡದು ಎಂಬುದು ಅದರಿಂದ ತಿಳಿಯುವದು. ನಿರ್ದೋಷವಾದ ಮರವನ್ನು ಕಡಿದು ತಂದ ಮೇಲೂ ಅದು ಬಡಿಗನ ಅಂಗಳದಲ್ಲಿಯೇ ಸೀಳಿಹೋಗಬಹುದು. ಹಾಗಾಗದಂತೆ ಗರಗಸವನ್ನು ಯಾವ ದಿಕ್ಕಿಗೆ ಹಿಡಿಯಬೇಕು, ಹಲಗೆಯನ್ನು ಹೇಗೆ ಅಟ್ಟಿ ಹಾಕಬೇಕು, ಎಷ್ಟು ಕಾಲ ಕಾಯಬೇಕು ಎಂಬ ಎರಡನೆಯ ಅರ್ಧವನ್ನು ಕೈಗಳು ಕೈಗಳಿಗೆ ಕಲಿಸುತ್ತ ಬಂದವು.

ಈ ಎರಡನೆಯ ಅರ್ಧದ ಮೂಲವು ನೀರಿನಲ್ಲಿರುವದು. ಹಸಿಯ ಮರದಲ್ಲಿ ನೀರು ಎರಡು ಬಗೆಯಾಗಿರುವದು. ನಳಿಗೆಗಳ ಪೊಳ್ಳಿನಲ್ಲಿ ತುಂಬಿರುವ ನೀರು ಒಂದು. ನಳಿಗೆಯ ಗೋಡೆಯಲ್ಲಿಯೇ ಹೀರಿಕೊಂಡಿರುವ ನೀರು ಇನ್ನೊಂದು. ಪೊಳ್ಳಿನ ನೀರು ಹೋಗುವವರೆಗೆ ಮರದ ತೂಕ ಮಾತ್ರ ಇಳಿಯುವದು, ಅಳತೆ ಬದಲಾಗದು. ಒಣ ಮರದ ತೂಕದ ಶೇಕಡಾ ೩೦ರ ಸುಮಾರಿಗೆ ನೀರು ಇಳಿದ ಮೇಲೆ ಗೋಡೆಯ ನೀರು ಹೊರಡಲು ಮೊದಲಾಗುವದು. ಆಗಲೇ ಮರವು ಕುಗ್ಗುವದು. ಕುಗ್ಗುವಾಗಲೂ ಎಲ್ಲ ದಿಕ್ಕಿಗೂ ಸಮವಾಗಿ ಕುಗ್ಗದು. ಉದ್ದಕ್ಕೆ ಇಲ್ಲವೆಂಬಷ್ಟು ಅಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುವದೋ, ವರ್ಷದುಂಗುರಗಳ ಸುತ್ತಿನ ದಿಕ್ಕಿಗೆ ಸುಮಾರು ಅದರ ಇಮ್ಮಡಿ ಕುಗ್ಗುವದು. ಇಡಿಯ ದಿಮ್ಮಿಯನ್ನು ಹಾಗೆಯೇ ಬಿಟ್ಟರೆ ಅದು ತೊಗಟೆಯಿಂದ ತಿರುಳಿನವರೆಗೆ ಸೀಳು ಬಿಡಲು ಈ ವ್ಯತ್ಯಾಸವೇ ಕಾರಣ. ಸುತ್ತು ಕಿರಿದಾಗುವ ವೇಗಕ್ಕೆ ಒಳಗಿನ ತೋರ ಕಿರಿದಾಗುವದಿಲ್ಲ. ಎಲ್ಲಿಯೋ ಒಂದು ಕಡೆ ಬಿರಿಯಲೇಬೇಕು.

ಆದುದರಿಂದ ಕೊಯ್ಯುವವರ ಜಾಣತನವೆಲ್ಲ ದಿಮ್ಮಿಯ ತುದಿಯಲ್ಲಿ ಕಾಣುವ ಉಂಗುರಗಳನ್ನು ಓದುವದರಲ್ಲಿ ಇರುವದು. ಯಂತ್ರದ ಅಡ್ಡೆಗಳು ಬರುವ ಮೊದಲು ದಿಮ್ಮಿಯನ್ನು ಕುಣಿಯ ಮೇಲೆ ಅಥವಾ ಎತ್ತರದ ಆಧಾರದ ಮೇಲೆ ಏರಿಸಿ, ಕಾವಿಯಲ್ಲಿ ಅದ್ದಿದ ನೂಲನ್ನು ಬಿಗಿಹಿಡಿದು ಮಿಡಿದು ಗೆರೆ ಮೂಡಿಸುತ್ತಿದ್ದರು. ಒಬ್ಬನು ಮೇಲೆ, ಒಬ್ಬನು ಕೆಳಗೆ ನಿಂತು ಉದ್ದನೆಯ ಗರಗಸವನ್ನು ಎಳೆಯುವರು. ಮೇಲಿನವನು ಗೆರೆಯನ್ನು ಕಾಯುವನು. ಕೆಳಗಿನವನ ಕಣ್ಣು ಮೂಗುಗಳಲ್ಲಿ ಹೊಟ್ಟು ತುಂಬುವದು. ದಿನವೆಲ್ಲ ದುಡಿದರೆ ಕೆಲವೇ ಹಲಗೆಗಳು. ದುಡಿಮೆ ಇಷ್ಟು ದುಬಾರಿಯಾದುದರಿಂದಲೇ ಮೊದಲ ಗೆರೆಯನ್ನು ಹಾಕುವ ಮುನ್ನ ಬಹಳ ಹೊತ್ತು ನೋಡುವ ರೂಢಿಯಿತ್ತು.

ಕೊಯ್ಯುವ ಕ್ರಮಗಳಲ್ಲಿ ಮುಖ್ಯವಾದವು ಎರಡು. ದಿಮ್ಮಿಯನ್ನು ಒಂದು ಬದಿಯಿಂದ ಮೊದಲುಮಾಡಿ ಸಾಲಾಗಿ ಸೀಳುತ್ತ ಹೋಗುವದು ಮೊದಲನೆಯದು. ಇದರಲ್ಲಿ ಅಗಲವಾದ ಹಲಗೆಗಳು ಸಿಕ್ಕುವವು, ಮರವು ಹಾಳಾಗುವದಿಲ್ಲ, ಹಲಗೆಯ ಮೈಮೇಲೆ ಉಂಗುರಗಳು ಗೋಪುರದಂತೆ, ದೀಪದ ಕುಡಿಯಂತೆ ಚಿತ್ತಾರವಾಗಿ ಮೂಡುವವು. ಆದರೆ ಇಂಥ ಹಲಗೆಯ ಅಗಲವು ಹೆಚ್ಚು ಕುಗ್ಗುವ ದಿಕ್ಕಿಗೇ ಇರುವದರಿಂದ ಅದು ಒಣಗುತ್ತ ದೊನ್ನೆಯಂತೆ ಬಾಗುವದು. ದಿಮ್ಮಿಯನ್ನು ಮೊದಲು ನಾಲ್ಕು ಹೋಳು ಮಾಡಿ, ಪ್ರತಿ ಹೋಳನ್ನೂ ತಿರುಳಿನಿಂದ ತೊಗಟೆಯ ಕಡೆಗೆ ಸೀಳುವದು ಎರಡನೆಯ ಕ್ರಮ. ಹಲಗೆಗಳು ಕಿರಿದಾಗುವವು, ತುಂಡು ತುಣುಕುಗಳು ಬಹಳ ಹೋಗುವವು, ಶ್ರಮವೂ ಹೆಚ್ಚು. ಮೈಮೇಲೆ ಚಿತ್ತಾರವಿಲ್ಲ, ನೆಟ್ಟನೆಯ ಗೆರೆಗಳಷ್ಟೇ. ಆದರೆ ಈ ಹಲಗೆ ಕುಗ್ಗುವದು ಅರ್ಧದಷ್ಟು ಮಾತ್ರ, ಬಾಗುವದು ತೀರ ಕಡಿಮೆ. ಒಂದಡಿ ಅಗಲದ ಹಲಗೆ ಮೊದಲನೆಯ ಕ್ರಮದಲ್ಲಿ ಅರ್ಧ ಇಂಚು ಕುಗ್ಗಿದರೆ ಎರಡನೆಯದರಲ್ಲಿ ಸುಮಾರು ಕಾಲು ಇಂಚು ಕುಗ್ಗೀತು.

ಇಲ್ಲಿ ಕಣ್ಣಿಗೂ ಕಿವಿಗೂ ಒಂದು ವಿವಾದವು ಹುಟ್ಟುವದು. ಮರದ ಚಿತ್ತಾರವೆಂಬುದು ಎಳೆಗಳು ನೇರವಾಗಿಲ್ಲದ್ದರಿಂದಲೇ ಆಗುವಂಥದು. ಎಳೆಗಳು ತೆರೆತೆರೆಯಾಗಿದ್ದರೆ ಹಲಗೆಯ ಮೇಲೆ ಅಡ್ಡಪಟ್ಟಿಗಳು ಹೊಳೆಯುವವು. ಕೆಲವು ವರ್ಷಗಳಿಗೊಮ್ಮೆ ಮಗ್ಗುಲು ಹೊರಳಿ ಬೆಳೆದಿದ್ದರೆ ರೇಶಿಮೆಯ ನಾಡೆಯಂಥ ಪಟ್ಟಿಗಳು. ಕೊಂಬೆ ಕವಲೊಡೆದಲ್ಲಿ ಗರಿಯಂಥ ಆಕಾರಗಳು. ಬೀಟೆ, ಹೊನ್ನೆ, ಮತ್ತಿಗಳಲ್ಲಿ ಇಂಥ ಸೊಬಗನ್ನು ಎಷ್ಟೋ ಸಾರೆ ಕಾಣುವೆವು. ಆದರೆ ಓರೆಯಾದ ಎಳೆ ಓರೆಯಾಗಿಯೇ ಕುಗ್ಗುವದು. ಉದ್ದಕ್ಕೆ ಕುಗ್ಗಬಾರದ ಹಲಗೆ ಅಲ್ಲಿ ಉದ್ದಕ್ಕೂ ಎಳೆದಾಡಿ ತಿರುಚಿಕೊಳ್ಳುವದು. ಶಾರ್ಙ್ಗದೇವನು ವೀಣೆಯ ದಂಡಕ್ಕೆ ನೆಟ್ಟಗಿನ, ಗಂಟಿಲ್ಲದ ಮರವನ್ನು ವಿಧಿಸಿದ್ದರ ಮರ್ಮವು ಇದೇ ಎಂದು ನನ್ನ ಅಭಿಪ್ರಾಯ. ದಂಡವು ಕೂದಲೆಳೆಯಷ್ಟು ತಿರುಚಿದರೂ ತಂತಿಯು ಕುದುರೆಯ ಮೇಲೆ ಕೂಡ್ರುವ ಬಗೆ ಕೆಟ್ಟು ಜವಾರಿ ಹಾರಿಹೋಗುವದು.

ಈ ವಿವಾದವನ್ನು ಎಲ್ಲ ದೇಶದ ಕುಶಲಿಗಳೂ ಒಂದೇ ಬಗೆಯಾಗಿ ಬಿಡಿಸಿರುವದು ಆಶ್ಚರ್ಯ. ಇಟಲಿಯ ಕ್ರೆಮೋನಾದಲ್ಲಿದ್ದ ಸ್ತ್ರಾದಿವಾರಿಯು (೧೭೩೭ರಲ್ಲಿ ಮೃತನಾದನು) ಪಿಟೀಲಿನ ಎದೆಯ ಹಲಗೆಗೆ ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದ, ನೇರವಾದ ಎಳೆಯ ಸ್ಪ್ರೂಸ್ ಮರವನ್ನು ಬಳಸುತ್ತಿದ್ದನು. ಬೆನ್ನಿಗೆ ತೆರೆಚಿತ್ತಾರದ ಮೇಪಲ್ ಮರವನ್ನು ಬಳಸುತ್ತಿದ್ದನು. ನಾದವನ್ನು ಹೊರಡಿಸುವಲ್ಲಿ ನೇರವಾದದ್ದು, ನೋಟಕ್ಕೆ ಬೀಳುವಲ್ಲಿ ಚಿತ್ತಾರದ್ದು. ನಮ್ಮಲ್ಲಿಯೂ ತಂಬೂರಿಯ ತಬಲಿಗೆ, ಅಂದರೆ ಕುದುರೆ ಕೂಡ್ರುವ ತೆಳುವಾದ ಮುಚ್ಚುಹಲಗೆಗೆ, ಸರಳವಾದ ಎಳೆಯ ಮರವನ್ನೇ ಆರಿಸುವರು. ಬಣ್ಣ, ಕುಸುರಿ, ಕೆತ್ತನೆಗಳೆಲ್ಲ ಅಂಚಿಗೆ. ಚಿತ್ತಾರದ ಮರವನ್ನು ಬಳಸಲೇಬೇಕಾದರೆ ಅದನ್ನು ದಪ್ಪನಾಗಿ ಕೊಯ್ದು, ಇಮ್ಮಡಿ ಕಾಲ ಒಣಗಿಸಿ, ತಿರುಚಿಕೊಂಡದ್ದನ್ನೆಲ್ಲ ಹೆರೆದು ತೆಗೆದು, ಮತ್ತೆ ಸ್ವಲ್ಪ ಕಾಲ ಬಿಟ್ಟು ಕಡೆಗೆ ಅಳತೆಗೆ ತರಬೇಕು.

ಒಣಗಿಸುವ ಕ್ರಮವೂ ಕೊಯ್ಯುವ ಕ್ರಮದಷ್ಟೇ ಸೂಕ್ಷ್ಮವಾದದ್ದು. ಮರದ ನೀರು ಮೈಯಿಂದ ಹೋಗುವದಕ್ಕಿಂತ ಹತ್ತಾರು ಪಟ್ಟು ವೇಗವಾಗಿ ಕೊಯ್ದ ತುದಿಗಳಿಂದ ಹೋಗುವದು. ಅದಕ್ಕಾಗಿ ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ, ಏನೂ ಇಲ್ಲದಿದ್ದರೆ ಸಗಣಿ ಮಣ್ಣನ್ನೋ ಮೆತ್ತಬೇಕು. ಹಲಗೆಗಳನ್ನು ನೆಲದಿಂದ ಎತ್ತರಿಸಿ, ಒಂದರ ಮೇಲೊಂದನ್ನು ಇಟ್ಟು, ನಡುನಡುವೆ ಒಂದೇ ದಪ್ಪದ ಒಣಗಿದ ಪಟ್ಟಿಗಳನ್ನು ಕೊಡಬೇಕು. ಮೇಲಿನ ಪಟ್ಟಿಯು ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು. ತಪ್ಪಿದರೆ ಹಲಗೆಯು ಅಲ್ಲಿಯೇ ಬಾಗಿ ಹಾಗೆಯೇ ಗಟ್ಟಿಯಾಗುವದು. ಎಲ್ಲಕ್ಕೂ ಮೇಲೆ ಭಾರವಾದ ಕಲ್ಲುಗಳು. ಗಾಳಿಯಾಡಬೇಕು, ಬಿಸಿಲು ತಾಕಬಾರದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷವೆಂಬುದು ಲೋಕರೂಢಿಯ ಲೆಕ್ಕ. ಗಟ್ಟಿ ಮರಕ್ಕೆ ಅದಕ್ಕಿಂತ ಹೆಚ್ಚು. ತಬಲೆಯ ಹೊಳವನ್ನು ಕಡೆಯುವ ತುಂಡುಗಳು ಹಲಗೆಯಲ್ಲ, ಗುಂಡು ದಿಮ್ಮಿಗಳು. ಅವು ಒಣಗಲು ಇನ್ನೂ ತಡ. ಅವುಗಳ ಒಡಲನ್ನು ಒರಟಾಗಿ ತೋಡಿಟ್ಟು ಒಣಗಲು ಬಿಟ್ಟರೆ ಸೀಳುವ ಭಯವು ಕಡಿಮೆಯಾಗುವದು.

ಇನ್ನು ಸ್ಥಳದ ಮಾತು. ಘಟಪ್ರಭೆಯ ದಂಡೆಯ ನಮ್ಮ ನಾಡು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಮೆಟ್ಟಿಲಿನಂತಿರುವದು. ಹುಕ್ಕೇರಿಯ ಪಡುವಣ ಗುಡ್ಡಗಳಿಂದ ಗೋಕಾಕದ ಬಯಲಿಗೆ, ಅಲ್ಲಿಂದ ೨೦೧೮ರಲ್ಲಿ ಬೇರೆ ತಾಲೂಕಾದ ಮೂಡಲಗಿಯ ಎರೆಹೊಲಗಳಿಗೆ ಹೋದಂತೆ ಮಳೆಯು ಕಡಿಮೆಯಾಗುತ್ತ ಹೋಗುವದು. ಮರ ಬೆಳೆಯುವದು ಪಡುವಣ ಕಾಡಿನಲ್ಲಿ. ಅದನ್ನು ಒಣಗಿಸುವ ಗಾಳಿ ಬೀಸುವದು ಮೂಡಣ ಬಯಲಿನಲ್ಲಿ. ಮರವು ಎಂದಿಗೂ ಪೂರ್ತಿ ಒಣಗುವಂಥದಲ್ಲ. ಸುತ್ತಲಿನ ಗಾಳಿಯ ತೇವದೊಡನೆ ಸಮವಾಗುವವರೆಗೆ ಮಾತ್ರ ಒಣಗುವದು. ಕರಾವಳಿಯ ತೇವದಲ್ಲಿ ಒಣಗಿತೆಂದು ಎಣಿಸಿ ಮಾಡಿದ ವಾದ್ಯವು ನಮ್ಮ ಚೈತ್ರ ವೈಶಾಖದ ಬಿಸಿಲಿಗೆ ಬಂದರೆ ಮತ್ತೆ ಕುಗ್ಗಿ ಬೆಸುಗೆ ಬಿಡುವದು. ಒಣ ಸೀಮೆಯಲ್ಲಿ ಹಲವು ಬೇಸಗೆ ಹಲವು ಮಳೆಗಾಲಗಳನ್ನು ಕಂಡು ಹಿಗ್ಗಿ ಕುಗ್ಗಿ ಪಳಗಿದ ಮರವು ಎಲ್ಲಿ ಹೋದರೂ ತಾಳಿಕೊಳ್ಳುವದು. ಆದರೆ ಹಸಿಯ ಹಲಗೆಯನ್ನು ನೆಟ್ಟಗೆ ಈ ಬೇಸಗೆಗೆ ಒಡ್ಡಿದರೆ ಮೈ ಒಣಗಿ ಒಡಲು ಹಸಿಯಾಗಿ ಉಳಿದು ಬಿರಿಯುವದು. ಆದ್ದರಿಂದ ಮರಕ್ಕೆ ಮೊದಲ ಬೇಸಗೆಯಲ್ಲಿ ದಟ್ಟ ನೆರಳು ಬೇಕು.

ಈ ಕಾಡಿಗೂ ಬಯಲಿಗೂ ಮೊದಲು ಎತ್ತಿನ ಗಾಡಿಗಳೇ ಸಂಬಂಧ. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ದಾರಿಯು ಬಂದ ಮೇಲೆ ಲೋಂಡೆಯ ಕಾಡಿನ ಸೆರಗಿನಿಂದ ಬೆಳಗಾವಿ, ಗೋಕಾಕ ರೋಡ, ಘಟಪ್ರಭೆಗಳ ಮೇಲಿಂದ ಮಿರಜಿಯವರೆಗೆ ಒಂದೇ ಹಳಿಯಾಯಿತು. ಗೋಕಾಕದ ಜಲಪಾತದ ಬಳಿ ೧೮೮೭ರಲ್ಲಿ ಹತ್ತಿಯ ಗಿರಣಿಯು ನಡೆಯತೊಡಗಿದ್ದೂ ಇದೇ ಕಾಲ. ರೈಲ್ವೆಯು ಗಿರಣಿಗೆ ತಂದ ಭಾಗ್ಯವನ್ನು ಎಲ್ಲರೂ ಬರೆದಿರುವರು. ಅದೇ ಹಳಿಯ ಕೊನೆಯಲ್ಲಿದ್ದ ವಾದ್ಯದ ಊರಿನ ಮಾತು ನಮಗೆ ಇಲ್ಲಿ ಮುಖ್ಯ.

ಮಿರಜಿಯಲ್ಲಿ ವಾದ್ಯನಿರ್ಮಾಣವು ಹತ್ತೊಂಬತ್ತನೆಯ ಶತಮಾನದ ಮಧ್ಯಕ್ಕೆ ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ಬೇರೂರಿತು. ಅದನ್ನು ಕೈಕೊಂಡವರು ಶಿಕಲಗಾರರು, ಅಂದರೆ ಖಡ್ಗಗಳನ್ನು ಸಾಣೆ ಹಿಡಿಯುವವರು. ಇಂಗ್ರೇಜರ ಆಳಿಕೆಯಲ್ಲಿ ಖಡ್ಗಕ್ಕೆ ಕೆಲಸವಿಲ್ಲದಾಗಲು ಆ ಕೈಗಳು ತಂಬೂರಿ ಸಿತಾರಗಳಿಗೆ ತಿರುಗಿದವು. ಫರೀದಸಾಹೇಬ ಎಂಬವರು ಈ ಮನೆತನಗಳ ಮೂಲಪುರುಷರಲ್ಲಿ ಒಬ್ಬರೆಂದು ಪ್ರಸಿದ್ಧರು. ಅಬ್ದುಲ್ ಕರೀಮಖಾನರು ಮಿರಜಿಯಲ್ಲಿ ನೆಲೆಸಿ, ೧೯೩೭ರಲ್ಲಿ ತೀರಿಕೊಂಡ ಮೇಲೆ ಅಲ್ಲಿಯ ಮೀರಾಸಾಹೇಬರ ದರ್ಗೆಯಲ್ಲಿಯೇ ಸಮಾಧಿಸ್ಥರಾದರು. ಸ್ವತಃ ವಾದ್ಯಗಳನ್ನು ದುರುಸ್ತಿಮಾಡಬಲ್ಲ ಆ ಗಾಯಕರ ಕಿವಿಯು ಆ ಊರಿನ ಕುಶಲಿಗಳಿಗೆ ಒರೆಗಲ್ಲಾಗಿತ್ತೆಂದರೆ ತಪ್ಪಾಗದು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳೂ ಅವರೇ. ಮಿರಜಿಯ ಸಿತಾರ ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಆ ವಾದ್ಯಗಳ ಬುರುಡೆಗಳು ಮಂಗಳವೇಢೆಯ ಸೀಮೆಯ ಹೊಲಗಳಿಂದ ಬರುವವು. ಮರವು ಕರ್ನಾಟಕದ ಕಾಡುಗಳಿಂದ ಹೋಗುವದು. ಆ ಮರವು ತುನ್ನ, ಕನ್ನಡದಲ್ಲಿ ಗಂಧಗರಿಗೆ. ಅಮರಸಿಂಹನು ತನ್ನ ಕೋಶದಲ್ಲಿ ತುನ್ನ, ನಂದಿವೃಕ್ಷ ಎಂಬವುಗಳನ್ನು ಒಂದೇ ಮರದ ಪರ್ಯಾಯನಾಮಗಳಾಗಿ ಹೇಳಿರುವನು. ಕೆಂಪು ಬಣ್ಣದ, ಹಗುರಾದ, ಸುಲಭವಾಗಿ ಕೆತ್ತಲು ಬರುವ ಮರವದು. ಶಾರ್ಙ್ಗದೇವನ ಕಗ್ಗಲಿಯಿಂದ ಇಂದಿನ ಗಂಧಗರಿಗೆಗೆ ಬರುವದರೊಳಗೆ ಮರ ಬದಲಾಯಿತು, ವಾದ್ಯದ ಆಕಾರವೂ ಬದಲಾಯಿತು. ಗಂಟಿಲ್ಲದ, ಸೀಳಿಲ್ಲದ, ನೆಟ್ಟಗಿನ ಮರವೆಂಬ ನಿಯಮವು ಮಾತ್ರ ಬದಲಾಗಲಿಲ್ಲ.

ಗೋಕಾಕದ ಬಣ್ಣದ ಮರದ ಹಣ್ಣು, ಗೊಂಬೆಗಳಿಗೂ ಇದೇ ಮಾತು ಸಲ್ಲುವದು. ಅವು ಹಗುರಾದ ಮೆದು ಮರದವು. ಹತ್ತೊಂಬತ್ತನೆಯ ಶತಮಾನದಿಂದಲೂ ಹೆಸರಾದವು. ಹಸಿಯ ಮರದ ಮೇಲೆ ಬಣ್ಣ ನಿಲ್ಲದು. ಒಳಗಿನ ನೀರು ಹೊರಡುವಾಗ ಬಣ್ಣದ ಪದರನ್ನೇ ಎಬ್ಬಿಸಿಬಿಡುವದು. ಆಟಿಕೆಯ ಮಾವಿನಕಾಯಿಯನ್ನು ಮಾಡುವ ಚಿತ್ರಗಾರನಿಗೂ ತಂಬೂರಿಯ ಕುಶಲಿಗೂ ಮೊದಲ ಪಾಠ ಒಂದೇ: ಕಾಯುವದು.

ಈ ಕಾಯುವಿಕೆಗೆ ಈಗ ಕಷ್ಟಕಾಲವು ಬಂದಿರುವದು. ಮರವನ್ನು ಮೂರು ನಾಲ್ಕು ವರ್ಷ ಒಣಗಲು ಇಡುವದೆಂದರೆ ಅಷ್ಟು ವರ್ಷ ಬಂಡವಲವನ್ನು ಹೂಳಿಟ್ಟಂತೆ. ತಂದೆ ಅಟ್ಟಿ ಹಾಕಿದ ಹಲಗೆಯನ್ನು ಮಗ ಉಪಯೋಗಿಸಿ, ತಾನು ಮೊಮ್ಮಗನಿಗಾಗಿ ಅಟ್ಟಿ ಹಾಕುವ ಪದ್ಧತಿಯಿದ್ದಾಗ ಈ ಬಡ್ಡಿಯ ಲೆಕ್ಕವು ಯಾರ ಮೇಲೂ ಬೀಳುತ್ತಿರಲಿಲ್ಲ. ಒಂದು ತಲೆಮಾರು ಆ ಸರಪಳಿಯನ್ನು ಬಿಟ್ಟರೆ ಮುಂದಿನವನು ಹಸಿಯ ಮರದಿಂದಲೇ ಪ್ರಾರಂಭಿಸಬೇಕಾಗುವದು. ಬಿಸಿಗಾಳಿಯ ಕೋಣೆಯಲ್ಲಿ ಕೆಲವೇ ವಾರಗಳಲ್ಲಿ ಒಣಗಿಸುವ ಯಂತ್ರಗಳುಂಟು. ತೇವವನ್ನೂ ಶಾಖವನ್ನೂ ಮೆಲ್ಲಮೆಲ್ಲನೆ ಬದಲಿಸಿದರೆ ಅವೂ ಒಳ್ಳೆಯ ಮರವನ್ನು ಕೊಡುವವು. ಆದರೆ ಅವಸರಪಟ್ಟರೆ ಮೈ ಗಟ್ಟಿಯಾಗಿ ಒಳಗೆ ಬಿಗುವು ಉಳಿಯುವದು. ಕೊಯ್ದಾಗ ಹಲಗೆಯು ಗರಗಸವನ್ನೇ ಹಿಡಿದುಕೊಳ್ಳುವದು. ಇತ್ತ ಕಾಡನ್ನು ಉಳಿಸುವ ಸಲುವಾಗಿ ಕಾಯದೆಗಳೂ ಬಿಗಿಯಾಗಿರುವವು. ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ೨೦೧೭ರಿಂದ ನಿರ್ಬಂಧವು ಬಂದಿತು. ೨೦೧೯ರಲ್ಲಿ ಸಿದ್ಧ ವಾದ್ಯಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಕಾಡು ಉಳಿಯಬೇಕಾದ್ದೇ ನ್ಯಾಯ. ಹಾಗಾದರೆ ಪಳಗಿದ ಮರವು ಎಲ್ಲಿಂದ ಬರಬೇಕು?

ಆ ಮರವು ನಮ್ಮ ತಲೆಯ ಮೇಲೆಯೇ ಇರುವದು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳೆಯ ವಾಡೆಗಳ ತೊಲೆ, ಜಂತಿ, ಕಂಬ, ಬಾಗಿಲುವಾಡಗಳಲ್ಲಿ ಸಾಗವಾನಿ, ಹೊನ್ನೆ, ಮತ್ತಿಯ ಮರಗಳು ಎಷ್ಟೋ ದಶಕಗಳಿಂದ ನೆರಳಿನಲ್ಲಿ ಒಣಗುತ್ತ ನಿಂತಿರುವವು. ಕಾಲವು ಕಳೆದಂತೆ ಮರದ ತೇವ ಹೀರುವ ಅಂಶವು ಕ್ಷೀಣಿಸಿ, ಅದು ಹಿಗ್ಗು ಕುಗ್ಗುಗಳಿಗೆ ಅಷ್ಟಾಗಿ ಒಳಗಾಗದು. ಹಳೆಯ ಮರಕ್ಕೆ ವಾದ್ಯಗಾರರು ಆಶೆಪಡುವದು ಇದಕ್ಕಾಗಿಯೇ. ಆದರೆ ಇಂಥ ಮನೆಗಳು ಒಂದೊಂದಾಗಿ ಇಳಿಯುತ್ತಿರುವವು. ೨೦೧೯ರ ಆಗಸ್ಟದಲ್ಲಿ ಘಟಪ್ರಭೆಯ ನೆರೆಯು ಗೋಕಾಕವನ್ನು ಹೊಕ್ಕಾಗ ಎಷ್ಟೋ ಹಳೆಯ ಮಣ್ಣಿನ ಗೋಡೆಗಳು ಒಂದೆರಡು ದಿವಸಗಳಲ್ಲಿಯೇ ಕುಸಿದವು. ಬಿದ್ದ ಮನೆಯ ತೊಲೆಯು ತೂಕದ ಲೆಕ್ಕದಲ್ಲಿ ಉರುವಲಾಗಿ ಹೋದರೆ ಅದರೊಡನೆ ನೂರು ವರ್ಷದ ಕಾಯುವಿಕೆಯೂ ಒಲೆಗೆ ಹೋದಂತೆ.

ಹಳೆಯ ತೊಲೆಯೆಲ್ಲವೂ ವಾದ್ಯಕ್ಕೆ ಬಂದೀತೆಂದಲ್ಲ. ಮೊಳೆ ಹೊಕ್ಕಲ್ಲಿ ಕಪ್ಪಾಗಿರುವದು. ಗೆದ್ದಲು, ಕೊರೆಹುಳುಗಳನ್ನು ನೋಡಬೇಕು. ನೆರೆಯಲ್ಲಿ ನೆನೆದದ್ದನ್ನು ಮತ್ತೆ ನೆರಳಿನಲ್ಲಿ ಅಟ್ಟಿ ಹಾಕಬೇಕು. ತುದಿಯನ್ನು ಒಂದಿಷ್ಟು ಕೊಯ್ದು ಉಂಗುರಗಳ ನೇರವನ್ನು ನೋಡಿ, ಬೆರಳಗೆಣ್ಣಿನಿಂದ ಬಡಿದು ದನಿಯನ್ನು ಕೇಳಿದರೆ ಬಲ್ಲವನಿಗೆ ಅರ್ಧ ತಿಳಿಯುವದು. ಹತ್ತು ತೊಲೆಗಳಲ್ಲಿ ಒಂದು ಆರಿಸಿ ಬಂದರೂ ಒಂದು ಗುರುಕುಲಕ್ಕೆ ಸಾಲುವಷ್ಟು ತಂಬೂರಿಗಳ ದಂಡವಾಗಬಹುದು.

ಜಿಲ್ಲೆಯ ಸಾಹಿತ್ಯಾಭಿಮಾನಿಗಳಲ್ಲಿ ನನ್ನ ವಿಜ್ಞಾಪನೆ ಎರಡು. ಹಳೆಯ ಮನೆಯನ್ನು ಇಳಿಸುವವರು ತೊಲೆಗಳನ್ನು ಮಾರುವ ಮುನ್ನ ಒಬ್ಬ ಹಿರಿಯ ಬಡಿಗನಿಗಾದರೂ ತೋರಿಸಲಿ. ಇನ್ನು, ಗರಗಸದ ಕೆಳಗೆ ನಿಂತು ಹೊಟ್ಟು ನುಂಗಿದ ತಲೆಮಾರಿನವರು ಊರಲ್ಲಿ ಯಾರಾದರೂ ಉಳಿದಿದ್ದರೆ, ಅವರನ್ನು ಕೂಡ್ರಿಸಿಕೊಂಡು ಅವರ ಮಾತನ್ನು ಬರೆದಿಡಿರಿ: ಯಾವ ತಿಂಗಳಲ್ಲಿ ಕಡಿಯುತ್ತಿದ್ದರು, ಯಾವ ಗಂಟಿಗೆ ಏನು ಹೆಸರು, ಯಾವ ಮರಕ್ಕೆ ಎಷ್ಟು ಬೇಸಗೆ. ವರಾಹಮಿಹಿರನು ತನ್ನ ಕಾಲದ ಕುಶಲಿಗಳ ಆರು ಹೆಸರುಗಳನ್ನು ಬರೆದಿಟ್ಟದ್ದರಿಂದ ಸಾವಿರದ ನಾನೂರು ವರ್ಷಗಳ ಮೇಲೂ ಅವು ನಮಗೆ ದೊರೆತವು. ನಮ್ಮ ಬಡಿಗರ ಹೆಸರುಗಳನ್ನು ಬರೆಯಬೇಕಾದವರು ನಾವೇ.